ಜೀವನಾಂಶದ ಆದೇಶದ ಜೊತೆ ಗಡುವನ್ನೂ ಕನ್ನಡದಲ್ಲಿ ಬರೆದುಕೊಡಿ

ಸಂಪಾದಕರೇ,

ಮಗುವಿಗೆ ತಿಂಗಳಿಗೆ ಇಷ್ಟು ಜೀವನಾಂಶ ಅಂತ ಕೋರ್ಟ್ ಆದೇಶ ಮಾಡುತ್ತದೆ. ಅದು ಸಾಲದು ಅನ್ನಿಸಿದರೆ ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ನನ್ನ ತಂಗಿಯ ಮಗಳಿಗೆ 2,500 ರೂಪಾಯಿ ಅಂತ ಆಯಿತು. ತಂಗಿಯ ಗಂಡ ಓಡಿಸುವ ಟಿಪ್ಪರ್ ಅವನದ್ದೇ, ಆದರೆ ದಾಖಲೆ ಅವನ ಅಣ್ಣನ ಹೆಸರಲ್ಲಿದೆ, ಹಾಗಾಗಿ ಕಾಗದದ ಮೇಲೆ ಆತ ಬರೀ ಕೂಲಿಯವನು. ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು ಅಂತ 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಿ, ಅದರಲ್ಲೇ ಸುಳ್ಳು ಬರೆದರೆ? ಮೇಲಿನ ಕೋರ್ಟಿಗೆ ಹೋಗೋಣ ಅಂತ ತಂಗಿ ಕೇಳಿದಳು. ವಕೀಲರು ‘ನೋಡೋಣ ತಗೋರಿ’ ಅಂದರು. ಅಷ್ಟರಲ್ಲಿ ಮಗುವಿಗೆ ಕಾಮಾಲೆ ಬಂತು. ಅವಳದು ಗಾರ್ಮೆಂಟ್ಸ್ ಕೆಲಸ, ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. ಹೀಗೇ ದಿನ ಕಳೆದವು.

ಕಾನೂನು ನೋಡಿದರೆ ತಲೆ ತಿರುಗುತ್ತದೆ. ಜೀವನಾಂಶಕ್ಕೆ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತಲ್ವಾ, ಅದೇ 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಫ್ಯಾಮಿಲಿ ಕೋರ್ಟ್ ಅದರ ಕೆಳಗೆ ಆದೇಶ ಮಾಡಿದರೆ ಅಪೀಲು ಇಲ್ಲ, ಹೈಕೋರ್ಟಿಗೆ ರಿವಿಷನ್, ಅಂದರೆ ಆದೇಶ ಸರಿಯಿದೆಯಾ ನೋಡಿ ಅಂತ ಮರುಪರಿಶೀಲನೆಯ ಅರ್ಜಿ, ಅದಕ್ಕೆ 90 ದಿನ. ನಮ್ಮ ಕಡೆಯವರಿಗೆ ಅಂದರೆ ಹೈಕೋರ್ಟಿನ ಧಾರವಾಡ ಪೀಠ. ಅದೇ ಕೋರ್ಟಿನ ಬೇರೆ ತೀರ್ಪುಗಳಿಗೆ ಅಪೀಲು ಉಂಟು, ಫ್ಯಾಮಿಲಿ ಕೋರ್ಟ್ ಕಾಯ್ದೆ ಕೊಡುವುದು 30 ದಿನ. ಎಕ್ಸ್‌ಪಾರ್ಟಿ, ಅಂದರೆ ಎದುರಿನವರು ಬಾರದೆ ಇದ್ದಾಗ ಮಾಡಿದ ಜೀವನಾಂಶದ ಆದೇಶ ರದ್ದು ಮಾಡಿಸಲು ಮೂರು ತಿಂಗಳು. ಇದನ್ನೆಲ್ಲ ಹೊಲಿಗೆ ಮಷಿನ್ ಮುಂದೆ ಕೂತವಳು ತಾನಾಗೇ ತಿಳಿದುಕೊಳ್ಳಬೇಕು ಅಂತೆ.

ಆದೇಶದ ನಕಲಿನ ಮೇಲೆ ಒಂದು ಸೀಲು ಇರುತ್ತದೆ. ನಕಲಿಗೆ ಅರ್ಜಿ ಕೊಟ್ಟ ದಿನ, ತಯಾರಾದ ದಿನ, ಕೈಗೆ ಕೊಟ್ಟ ದಿನ ಅಂತ ಪೆನ್ನಿನಲ್ಲಿ ಗೀಚಿರುತ್ತಾರೆ. ನಮ್ಮಲ್ಲಿ ಯಾರೂ ಅದನ್ನು ನೋಡಿರಲೇ ಇಲ್ಲ. ನಕಲು ಪಡೆಯಲು ಹಿಡಿದ ದಿನಗಳನ್ನು ಗಡುವಿನಿಂದ ಕಳೆಯಬೇಕು ಅಂತ ಗಡುವುಗಳನ್ನು ಹೇಳುವ ಲಿಮಿಟೇಷನ್ ಕಾಯ್ದೆಯ 12ನೇ ಕಲಂ ಹೇಳುತ್ತದೆ, ಆ ಲೆಕ್ಕಕ್ಕೆ ಬೇಕಾಗುವುದು ಇದೇ ತಾರೀಕುಗಳು. ಅದರ ಮೇಲೂ ತಡವಾದರೆ 5ನೇ ಕಲಮಿನಲ್ಲಿ ತಡ ಮನ್ನಾ ಮಾಡಿ ಅಂತ ಕೇಳಬಹುದು. ಆಸ್ಪತ್ರೆ ಚೀಟಿ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ, ಬಾಯಿ ಮಾತಿಗೆ ಅಲ್ಲಿ ಬೆಲೆ ಕಡಿಮೆ. ದಿನದಿನದ ತಡಕ್ಕೂ ಕಾರಣ ಕೇಳುವುದಾದರೆ ಗಂಟೆಗೂ ಸೆಕೆಂಡಿಗೂ ಯಾಕೆ ಕೇಳಬಾರದು ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಕೇಳಿದೆ. ಆದರೂ ತಡ ಮನ್ನಾ ಮಾಡಿ ಅಂತ ತಂಗಿ ಹಾಕಿದ ಅರ್ಜಿಗೆ ಗಂಡನ ಕಡೆಯಿಂದ ತಕರಾರು ಬಂದಿದೆ, ‘ತುಂಬಾ ತಡವಾಗಿದೆ’ ಅಂತ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ಮನುಷ್ಯ ಹೇಳುವ ಮಾತು ನೋಡಿ!

ನೋಟಿಸ್ ನಿಜವಾಗಿ ಮುಟ್ಟದ ಗಂಡಸರಿಗೂ ಕಾಲಾವಕಾಶ ಸಿಗಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ದುಡ್ಡು ಕೊಡುವುದು ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆಯೇ ಬೇಕು. ‘ಅಪೀಲು ಹಾಕೀನಿ, ಇನ್ನ ಕೊಡಂಗಿಲ್ಲ’ ಅಂತ ಊರಲ್ಲಿ ಹೇಳಿಕೊಂಡು ತಿರುಗುವವರು ಇದನ್ನು ಓದಿಕೊಳ್ಳಲಿ.

ಕೇಳುವುದು ಜಾಸ್ತಿ ಏನಿಲ್ಲ. ಜೀವನಾಂಶ ಪಡೆಯುವವರಿಗೆ ಆದೇಶದ ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಅದರ ಜೊತೆ ಕನ್ನಡದಲ್ಲಿ ಒಂದು ಹಾಳೆ ಪಿನ್ ಮಾಡಿ ಕೊಡಲಿ. ಕೊನೆಯ ತಾರೀಕು ಯಾವುದು, ಯಾವ ಕೋರ್ಟಿಗೆ ಹೋಗಬೇಕು, ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ಕಾನೂನು ಸೇವೆಯ 15100ಕ್ಕೆ ಫೋನ್ ಮಾಡಿ ಅಂತ ಇರಲಿ. ಗಡುವು ತಪ್ಪಿದರೂ, ಮುಂದೆ ಪರಿಸ್ಥಿತಿ ಬದಲಾದರೆ ಮೊತ್ತ ಹೆಚ್ಚಿಸಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು ಅನ್ನುವುದನ್ನೂ ಸೇರಿಸಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಮನಸ್ಸು ಮಾಡಿದರೆ ಆ ಹಾಳೆ ಮುಂದಿನ ತಿಂಗಳೇ ಅಚ್ಚಾಗಬಹುದು.

– ಒಬ್ಬ ಓದುಗಳು, ಹಾವೇರಿ ಜಿಲ್ಲೆ