ಶಾಲೆ ಮುಗಿಸಿದ ನಮ್ಮ ಮಕ್ಕಳಿಗೆ ಕೆಲಸ ಕೊಡಿಸಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ರಚನೆಯಾಗುವ ಸ್ಥಳೀಯ ಮಟ್ಟದ ಸಮಿತಿಗೆ ತಾವೇ ಅಧ್ಯಕ್ಷರು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆಯ ಹಿಡಿತ ತಪ್ಪುವ ಸ್ಥಿತಿ), ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ 18 ತುಂಬಿದಾಗ ತಂದೆತಾಯಿ ಪೋಷಕತ್ವದ ಅರ್ಜಿ ಹಿಡಿದು ಬರುವುದು ಈ ಸಮಿತಿಯ ಮುಂದೆ. ಮುಂದೆ ಇವರನ್ನು ನೋಡಿಕೊಳ್ಳುವವರು ಯಾರು, ಆಸ್ತಿಯ ವ್ಯವಹಾರ ಯಾರದು ಎಂಬ ಮಾತೆಲ್ಲ ಅಲ್ಲಿ ಬರುತ್ತದೆ. ಈ ಹುಡುಗ ಏನು ಕೆಲಸ ಮಾಡಬಲ್ಲ, ಯಾವ ಕೆಲಸ ಅವನಿಗೆ ಇಷ್ಟ ಎಂಬ ಮಾತು ಮಾತ್ರ ಬರುವುದಿಲ್ಲ. ಆ ಮಾತೂ ಬರಲಿ, ಬಂದ ಮೇಲೆ ಅದಕ್ಕೆ ತಕ್ಕ ವ್ಯವಸ್ಥೆಯೂ ಆಗಲಿ ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿಶೇಷ ಶಿಕ್ಷಕಿ. ನಮ್ಮ ಮಕ್ಕಳು ಶಾಲೆ ಬಿಟ್ಟ ಮೇಲೆ ಹೆಚ್ಚಿನವರು ಮನೆಯಲ್ಲೇ ಉಳಿಯುತ್ತಾರೆ. ಕೆಲವರು ವೃತ್ತಿ ತರಬೇತಿ ಕೇಂದ್ರ ಸೇರುತ್ತಾರೆ. ಮೇಣದಬತ್ತಿ, ಫಿನಾಯಿಲ್, ಕಾಗದದ ಕವರ್ ಮಾಡುತ್ತಾ ವರ್ಷಗಳು ಉರುಳುತ್ತವೆ, ತರಬೇತಿ ಮುಗಿಯುವುದೇ ಇಲ್ಲ. ಕಲಿಸುವವರ ಅಕ್ಕರೆಯಲ್ಲಿ ಕೊರತೆಯಿಲ್ಲ. ಆದರೆ ಬೌದ್ಧಿಕ ಅಂಗವೈಕಲ್ಯ ಇರುವ ಅನೇಕರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊಂದಿಸಿಕೊಳ್ಳುವುದು ಕಷ್ಟ. ಆದ್ದರಿಂದಲೇ ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಪಕ್ಕದಲ್ಲಿ ನಿಂತು ಕಲಿಸುವ ಪದ್ಧತಿ ಬೆಳೆದು ಬಂತು. ಅಮೆರಿಕದ ಪುನರ್ವಸತಿ ಕಾಯ್ದೆಗೆ 1986ರಲ್ಲೇ ಇದು ಸೇರಿತು. ಈ ಸೇವೆಗೆಂದು ರಾಜ್ಯಗಳಿಗೆ ಕೊಡುವ ಹಣದಲ್ಲಿ ಅರ್ಧವನ್ನು ಅತಿ ತೀವ್ರ ಅಂಗವೈಕಲ್ಯ ಇರುವ ಯುವಜನರಿಗೇ ಮೀಸಲಿಡಬೇಕೆಂದು ಅಲ್ಲಿನ 2014ರ ಕಾನೂನು ಹೇಳಿತು.

ಹಾಗೆ ಪಕ್ಕದಲ್ಲಿ ನಿಲ್ಲುವವರೇ ಜಾಬ್ ಕೋಚ್. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಣ್ಣ ತಿಂಡಿ ಘಟಕವೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಪೆಟ್ಟಿಗೆಗೆ ಇಪ್ಪತ್ತು ಪೊಟ್ಟಣ ತುಂಬಬೇಕು. ಅವಳಿಗೆ ಐದರಾಚೆ ಎಣಿಸಲು ಬಾರದು. ಜೊತೆಗೆ ಹೋಗುತ್ತಿದ್ದ ನಮ್ಮ ಸಹೋದ್ಯೋಗಿ ರಟ್ಟಿನ ಮೇಲೆ ಇಪ್ಪತ್ತು ಚೌಕ ಬರೆದು ಮೇಜಿಗೆ ಅಂಟಿಸಿದರು. ಒಂದೊಂದು ಚೌಕಕ್ಕೆ ಒಂದೊಂದು ಪೊಟ್ಟಣ, ಎಲ್ಲ ತುಂಬಿದರೆ ಪೆಟ್ಟಿಗೆಗೆ. ಎಣಿಕೆಯ ಗೊಡವೆಯೇ ಉಳಿಯಲಿಲ್ಲ. ಹೆಚ್ಚು ದಿನ ಹಿಡಿದದ್ದು ಬೇರೆಯದಕ್ಕೆ: ಊಟದ ಗಂಟೆಗೆ ಏಳುವುದು, ಮುಟ್ಟಿನ ನೋವಾದರೆ ಯಾರಿಗೆ ಹೇಳುವುದು, ಸಂಜೆ ಯಾವ ಬಸ್ ಹತ್ತುವುದು. ಸಹೋದ್ಯೋಗಿ ಮೊದಮೊದಲು ದಿನವಿಡೀ ಇರುತ್ತಿದ್ದರು, ಬರಬರುತ್ತಾ ವಾರಕ್ಕೊಂದು ಫೋನ್ ಸಾಕಾಯಿತು. ಮುಂದೆ ಅವರು ಬೇರೆ ಊರಿಗೆ ಹೋದರು. ಘಟಕಕ್ಕೆ ಹೊಸ ಮೇಲ್ವಿಚಾರಕರು ಬಂದು, ಮೇಜು ಚೊಕ್ಕಟ ಮಾಡಿಸುವಾಗ ಆ ರಟ್ಟನ್ನು ಕಿತ್ತು ಹಾಕಿಸಿದರು. ಯಾಕಿತ್ತು ಎಂದು ಅವರಿಗೆ ಹೇಳುವವರೇ ಇರಲಿಲ್ಲ. ಹುಡುಗಿ ಈಗ ಮನೆಯಲ್ಲಿದ್ದಾಳೆ. ಈ ಸೇವೆಗೆ ಸಂಬಳವೂ ಹೊಣೆಗಾರರೂ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಕಾನೂನು ನಮ್ಮಲ್ಲೂ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 19ನೇ ಸೆಕ್ಷನ್, ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾರುಕಟ್ಟೆಯ ಜೊತೆ ನೇರ ನಂಟಿರುವ ಪ್ರತ್ಯೇಕ ಕೌಶಲ ತರಬೇತಿ ಬೇಕು ಎನ್ನುತ್ತದೆ. ಖಾಸಗಿ ಉದ್ಯಮಗಳ ನೌಕರರಲ್ಲಿ ಶೇ 5ರಷ್ಟಾದರೂ ಅಂಗವಿಕಲರು ಇರುವಂತೆ ಪ್ರೋತ್ಸಾಹಧನ ಕೊಡಬೇಕು ಎನ್ನುತ್ತದೆ 35ನೇ ಸೆಕ್ಷನ್. ಉದ್ಯೋಗ ಮೇಳಗಳಿಂದ ಇದು ಈಡೇರದು. ಮೇಳವೊಂದರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಯುವಕನನ್ನು ನಿಲ್ಲಿಸಿಕೊಂಡು ಸಂದರ್ಶಕರು ಎಲ್ಲ ಪ್ರಶ್ನೆಗಳನ್ನೂ ಅವನ ತಾಯಿಗೇ ಕೇಳಿದ್ದನ್ನು ಕಂಡಿದ್ದೇನೆ. ಮಾತು ತೊದಲಿದರೂ ಚಿತ್ರಫಲಕ ಹಿಡಿದು ಉತ್ತರಿಸಬಲ್ಲ ಹುಡುಗ ಅವನು. ಇಂಥ ಸಂವಹನ ಸಾಧನಗಳ ಬಗ್ಗೆ ಮಾರ್ಗದರ್ಶನ ಬೇಕಾದರೆ ಪಕ್ಕದ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಜಿಲ್ಲೆಯಲ್ಲಿ ಏನಿಲ್ಲ? ತೂಬಿನಕೆರೆ, ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಿವೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವಿಕಲರಿರುವ ಮನೆಗಳನ್ನೆಲ್ಲ ಬಲ್ಲವರು ಅವರು, ಸ್ವತಃ ಅಂಗವಿಕಲರು. ಅವರಲ್ಲಿ ಆಸಕ್ತಿ ಇರುವವರನ್ನು ತಾಲ್ಲೂಕಿಗೆ ಇಬ್ಬರಂತೆ ಆರಿಸಿ ಜಾಬ್ ಕೋಚ್ ತರಬೇತಿ ಕೊಡಿಸಿ. ಈಗಿನ ಗೌರವಧನದಲ್ಲೇ ಇದನ್ನೂ ಮಾಡಿ ಎನ್ನಬೇಡಿ, ಅದು ಅನ್ಯಾಯ. ಪ್ರತ್ಯೇಕ ವೇತನ, ಪ್ರಯಾಣ ಭತ್ಯೆ ಕೊಡಿ. ಅಂಗವಿಕಲರ ವೃತ್ತಿ ಕೌಶಲಕ್ಕೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬಳಸಲು ಕಾನೂನಿನಲ್ಲಿ ಅವಕಾಶವಿದೆ.

ಮತ್ತೊಂದು ತೊಡಕು ಮಾಸಾಶನದ್ದು. ಸಂಬಳ ಬಂದರೆ ಆದಾಯ ಮಿತಿ ದಾಟಿ ಮಾಸಾಶನ ನಿಂತುಹೋಗುತ್ತದೆ, ಕೆಲಸ ಹೋದರೆ ಮತ್ತೆ ಸಿಗುವುದಿಲ್ಲ ಎಂಬ ಹೆದರಿಕೆಗೆ ಎಷ್ಟೋ ತಾಯಂದಿರು ಮಕ್ಕಳನ್ನು ಕಳಿಸುವುದೇ ಇಲ್ಲ. ಕೆಲಸ ಬಿಟ್ಟವರ ಮಾಸಾಶನವನ್ನು ಮತ್ತೆ ಓಡಾಡಿಸದೆ ಕೂಡಲೇ ಆರಂಭಿಸುವಂತೆ ತಹಶೀಲ್ದಾರರಿಗೆ ಸೂಚನೆ ಕೊಡಿ. ನಿಯಮ ಅಡ್ಡ ಬಂದರೆ ತಿದ್ದುಪಡಿಗಾಗಿ ಸರ್ಕಾರಕ್ಕೆ ಬರೆಯಿರಿ.

ಸ್ಥಳೀಯ ಮಟ್ಟದ ಸಮಿತಿಯ ಮುಂದಿನ ಸಭೆಗೆ ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳನ್ನೂ ಕಾರ್ಖಾನೆಗಳ ಪ್ರತಿನಿಧಿಗಳನ್ನೂ ಕರೆಸಿ, ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ. ದಿನಾಂಕ ತಿಳಿಸಿದರೆ ಯುವಕ ಯುವತಿಯರನ್ನೂ ಅವರ ತಂದೆತಾಯಿಯರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ವಿಶೇಷ ಶಿಕ್ಷಕಿ