ಸರ್ಪಗಂಧದ ಪುಡಿಯ ವಿಚಾರವಾಗಿ ಅಪ್ಪನಿಗೆ

ಬಾಸೆಲ್, ಸ್ವಿಟ್ಜರ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ವಸುಧಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಅಮ್ಮನ ಪತ್ರ ಮೊನ್ನೆ ಕೈಸೇರಿತು. ತೋಟದ ಕೊಳೆರೋಗದ ವಿಚಾರ, ಶಾರದತ್ತೆಯ ಮನೆ ಒಕ್ಕಲಿನ ವಿಚಾರ ಎಲ್ಲವನ್ನೂ ಓದಿದೆ. ಅವಕ್ಕೆ ಮುಂದಿನ ಪತ್ರದಲ್ಲಿ ಉತ್ತರಿಸುತ್ತೇನೆ. ಈಗ ನನ್ನ ನಿದ್ದೆ ಕೆಡಿಸಿರುವುದು ಕೊನೆಯ ಹಾಳೆಯ ಅಂಚಿನಲ್ಲಿ ಅಮ್ಮ ಸಣ್ಣ ಅಕ್ಷರದಲ್ಲಿ ಬರೆದಿರುವ ಸಂಗತಿ. ನೀವು ರಕ್ತದೊತ್ತಡದ ಮಾತ್ರೆಯನ್ನು ನೆನಪಾದ ದಿನ ಮಾತ್ರ ನುಂಗುತ್ತೀರೆಂದೂ, ಯಾರೋ ಕೊಟ್ಟ ಸರ್ಪಗಂಧದ ಬೇರಿನ ಪುಡಿಯನ್ನು ಎರಡು ಹೊತ್ತು ಹಾಲಿಗೆ ಹಾಕಿ ಕುಡಿಯುತ್ತಿದ್ದೀರೆಂದೂ, ಮೂಗು ಸದಾ ಕಟ್ಟಿರುತ್ತದೆಂದೂ, ರಾತ್ರಿ ಎದ್ದಾಗ ಕಣ್ಣು ಕತ್ತಲೆ ಬಂದು ಬಚ್ಚಲ ಬಾಗಿಲು ಹಿಡಿದು ನಿಂತಿರೆಂದೂ, ಈಚೆಗೆ ಪೇಪರನ್ನೂ ಓದದೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತೀರೆಂದೂ ಬರೆದಿದ್ದಾಳೆ. ಮೂಗಿಗೆ ಮಳೆಗಾಲವನ್ನೂ ಮಂಕಿಗೆ ವಯಸ್ಸನ್ನೂ ಅವಳು ಕಾರಣ ಮಾಡಿಕೊಂಡಿದ್ದಾಳೆ. ನನಗೆ ತಿಳಿಸಿದಳೆಂದು ಅವಳ ಮೇಲೆ ದಯವಿಟ್ಟು ರೇಗಬೇಡಿ.

ಅಪ್ಪ, ಇದು ಮಳೆಯದೂ ಅಲ್ಲ, ವಯಸ್ಸಿನದೂ ಅಲ್ಲ, ಆ ಪುಡಿಯದೇ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಕಟ್ಟಿದ ಮೂಗು, ತಲೆಸುತ್ತು, ತೂಕಡಿಕೆ, ಮನಸ್ಸಿನ ಮಂಕು, ಈ ನಾಲ್ಕೂ ಒಟ್ಟಿಗೆ ಬಂದರೆ ಸರ್ಪಗಂಧದ ಗುರುತು ಬಲ್ಲವರು ಮೊದಲು ಕೇಳುವುದೇ ಬೇರಿನ ವಿಚಾರ. ಗಾಬರಿಪಡುವಂಥದ್ದು ಏನೂ ಇಲ್ಲ, ಖಂಡಿತ ಇಲ್ಲ; ಇದು ಸರಿಹೋಗುವ ತೊಂದರೆ. ಆದರೆ ಮುಂದೂಡುವ ತೊಂದರೆ ಅಲ್ಲ.

‘ನಮ್ಮ ಬೇರನ್ನೇ ಒಯ್ದು ಅವರು ಮಾತ್ರೆ ಮಾಡಿದರು, ನಾನು ಬೇರನ್ನೇ ತಿಂದರೆ ತಪ್ಪೇನು’ ಎಂದು ನೀವು ಹೇಳಿದಿರಂತೆ. ಅದರ ಮೊದಲ ಅರ್ಧ ನೂರಕ್ಕೆ ನೂರು ನಿಜ. ನಾನು ಕುಳಿತು ಬರೆಯುತ್ತಿರುವ ಈ ಊರಿನಲ್ಲೇ, 1952ರಲ್ಲಿ, ಸೀಬಾ ಎಂಬ ಔಷಧ ಕಂಪನಿಯ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಎಂಬುವರು ಸರ್ಪಗಂಧದ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೂ ಎಷ್ಟೋ ಮೊದಲೇ ಕೆಲಸ ಮಾಡಿದ್ದವರು ನಮ್ಮವರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಔಷಧವಾಗುತ್ತದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಅದರಿಂದ ಇನ್ನೊಂದು ವಸ್ತುವನ್ನು ತೆಗೆದು, ದೆಹಲಿಯ ಹೆಸರಾಂತ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಹೃದಯದ ಬಡಿತ ಏಕಾಏಕಿ ಹದತಪ್ಪುವ ಬ್ರುಗಾಡಾ ಎಂಬ ಕಾಯಿಲೆ ಇದೆಯೋ ಇಲ್ಲವೋ ಎಂದು ಪತ್ತೆಹಚ್ಚಲು ಯುರೋಪಿನ ಆಸ್ಪತ್ರೆಗಳಲ್ಲಿ ಇವತ್ತಿಗೂ ಅಜ್ಮಲಿನ್ ಕೊಟ್ಟು ಇಸಿಜಿ ನೋಡುತ್ತಾರೆ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ರಕ್ತದೊತ್ತಡದ ಲೆಕ್ಕವನ್ನು ಪ್ರಕಟಿಸಿದ ಮೇಲೆಯೇ ಪಶ್ಚಿಮದವರು ಇತ್ತ ತಿರುಗಿ ನೋಡಿದ್ದು. ಈ ಊರಿನವರ ಜೊತೆ ಮಾತಿಗೆ ಕೂತಾಗ ಇವರೆಲ್ಲರ ಹೆಸರನ್ನೂ ನಾನು ಬಿಡದೆ ಹೇಳುತ್ತೇನೆ.

ಬೇರಿನಲ್ಲಿ ಶಕ್ತಿ ಇದೆಯೆಂದು ಇವರೆಲ್ಲ ತೋರಿಸಿದ್ದರಿಂದಲೇ ನನಗೆ ಭಯ. ರಿಸರ್ಪಿನ್ ಮಾತ್ರೆಯನ್ನು ರಕ್ತದೊತ್ತಡಕ್ಕೆ ಕೊಡುವಾಗ ದಿನಕ್ಕೆ ಕಾಲು ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಚಮಚದಲ್ಲಿ ತೆಗೆದ ಪುಡಿಯಲ್ಲಿ ಅದು ಎಷ್ಟಿದೆಯೆಂದು ಕೊಟ್ಟವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬೇರಿನ ಒಳಗಿನ ಕಟ್ಟಿಗೆಗಿಂತ ತೊಗಟೆಯಲ್ಲೇ ಅದರ ಸತ್ವ ಹೆಚ್ಚು. ಗಿಡದ ವಯಸ್ಸು, ಮಣ್ಣು, ಕಿತ್ತ ಕಾಲ ಇವುಗಳ ಮೇಲೆ ಅದು ಏರಿಳಿಯುತ್ತದೆ. ಬೇರೆ ಬೇರೆ ಕಡೆಯಿಂದ ತಂದ ಎರಡು ಬೇರುಗಳನ್ನು ಅರೆದು ನಮ್ಮ ಪ್ರಯೋಗಾಲಯದ ಯಂತ್ರಕ್ಕೆ ಕೊಟ್ಟರೆ ಕಾಗದದ ಮೇಲಿನ ಗೆರೆ ಒಂದರಲ್ಲಿ ಗೋಪುರದಷ್ಟು ಏಳುತ್ತದೆ, ಇನ್ನೊಂದರಲ್ಲಿ ನೆಲ ಬಿಟ್ಟು ಮೇಲೇಳುವುದೇ ಇಲ್ಲ. ಇದರ ಮೇಲೆ, ಅದೇ ಜಾತಿಯ ಬೇರೆ ಗಿಡಗಳ ಬೇರನ್ನೂ ಸರ್ಪಗಂಧವೆಂದು ಮಾರುವುದುಂಟು.

ಅದು ದೇಹದಲ್ಲಿ ಮಾಡುವ ಕೆಲಸವನ್ನೂ ಹೇಳುತ್ತೇನೆ. ನರಗಳ ತುದಿಯಲ್ಲಿ ನಾರಡ್ರಿನಲಿನ್, ಸೆರೊಟೋನಿನ್ ಮೊದಲಾದ, ನರಗಳ ಸಂದೇಶ ಒಯ್ಯುವ ರಾಸಾಯನಿಕಗಳು ಸಣ್ಣ ಸಣ್ಣ ಚೀಲಗಳಲ್ಲಿ ದಾಸ್ತಾನಾಗಿರುತ್ತವೆ. ಕಣಜದ ಬಾಗಿಲು ಮುಚ್ಚಿದರೆ ಭತ್ತ ಅಂಗಳದಲ್ಲೇ ಬಿದ್ದು ಹಾಳಾಗುವ ಹಾಗೆ, ರಿಸರ್ಪಿನ್ ಆ ಚೀಲಗಳ ಬಾಗಿಲು ಮುಚ್ಚುತ್ತದೆ, ಹೊರಗುಳಿದದ್ದು ನಾಶವಾಗುತ್ತದೆ. ಆಗ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ, ಜೊತೆಗೆ ಮನಸ್ಸಿನ ಉತ್ಸಾಹವೂ ಇಳಿಯಬಹುದು. ಈ ಔಷಧ ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರಿದ್ದನ್ನು 1950ರ ದಶಕದ ವೈದ್ಯರೇ ಬರೆದಿಟ್ಟಿದ್ದಾರೆ. ಹೊಟ್ಟೆಯ ಹುಣ್ಣಿರುವವರಿಗೆ ಇದು ಆಗಿಬರುವುದಿಲ್ಲ. ನಿಮ್ಮ ಹಳೆಯ ಅಲ್ಸರ್ ನೆನಪಾಗಿ ನನಗೆ ಇನ್ನೂ ಕಳವಳವಾಯಿತು. ಪುಡಿ ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುತ್ತದೆ. ಆದ್ದರಿಂದ ಮಾತ್ರೆಯನ್ನು ನಿಮ್ಮಷ್ಟಕ್ಕೆ ಹೆಚ್ಚು ಕಡಿಮೆ ಮಾಡಬೇಡಿ. ಪುಡಿಯ ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ, ಎಷ್ಟು ದಿನದಿಂದ ಎಷ್ಟು ಕುಡಿದಿರೆಂದು ಮುಚ್ಚಿಡದೆ ಹೇಳಿ, ಅವರು ಹೇಳಿದಂತೆ ನಡೆಯಿರಿ. ಮಲ ಕಪ್ಪಾಗಿ ಹೋದರೆ ಅಥವಾ ಎದ್ದು ನಿಲ್ಲಲು ಆಗದಷ್ಟು ತಲೆ ಸುತ್ತಿದರೆ ಒಂದು ಗಳಿಗೆಯೂ ಕಾಯಬೇಡಿ.

ನಾನು ನಾಟಿ ಔಷಧವನ್ನು ಹೀಗಳೆಯುತ್ತಿದ್ದೇನೆಂದು ತಿಳಿಯಬೇಡಿ. ಇಲ್ಲಿ ಡ್ರೊಗೆರೀ ಎಂಬ ಅಂಗಡಿಗಳಿವೆ. ಕೆಮ್ಮಿಗೆ ಥೈಮ್ ಸೊಪ್ಪಿನ ಸಿರಪ್ಪು, ಗಂಟಲಿಗೆ ಸೇಜ್ ಎಲೆ ಎಲ್ಲವೂ ಅಲ್ಲಿ ಸಿಗುತ್ತವೆ. ಅಮ್ಮನ ಕಷಾಯದ ಮುಂದೆ ಅವು ಸಪ್ಪೆಯೇ. 2009ರಲ್ಲಿ ಈ ದೇಶದ ಜನ ಮತ ಹಾಕಿ, ಇಂಥ ಪೂರಕ ಚಿಕಿತ್ಸೆಗಳಿಗೆ ಸರ್ಕಾರ ಗಮನ ಕೊಡಬೇಕೆಂದು ಸಂವಿಧಾನದಲ್ಲೇ ಸೇರಿಸಿದರು. ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಆದರೆ ಆ ಕೆಮ್ಮಿನ ಸಿರಪ್ಪಿನ ಡಬ್ಬಿಯಲ್ಲೂ ಮಡಿಸಿದ ಚೀಟಿಯೊಂದಿರುತ್ತದೆ: ಎಷ್ಟು, ಯಾರಿಗೆ ಕೂಡದು, ಯಾವ ಮಾತ್ರೆಯ ಜೊತೆ ಕೂಡದು. ನಿಮ್ಮ ಪೊಟ್ಟಣಕ್ಕೆ ಅಂಥ ಚೀಟಿ ಇಲ್ಲ; ಓದಿದ ಆಯುರ್ವೇದ ವೈದ್ಯರಾಗಿದ್ದರೆ ನಾಡಿ ನೋಡಿ, ಹೊಟ್ಟೆಯ ವಿಚಾರ ಕೇಳಿ, ತೂಕ ಮಾಡಿ ಕೊಡುತ್ತಿದ್ದರು. ತೋಟದ ಅಂಚಿನಲ್ಲಿ ಸರ್ಪಗಂಧ ನೆಡುವ ನಿಮ್ಮ ಯೋಚನೆ ಮಾತ್ರ ನನಗೆ ತುಂಬಾ ಸಂತೋಷ ಕೊಟ್ಟಿತು. ಬೇರಿಗಾಗಿ ಗಿಡವನ್ನೇ ಕಿತ್ತು ಕಿತ್ತು ಕಾಡಿನಲ್ಲಿ ಅದು ಅಪರೂಪವಾಗಿದೆ. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ನೆಡಿ, ಬೆಳೆಸಿ, ಕೀಳಬೇಡಿ.

ಚಂದ್ರಣ್ಣನಿಗೆ ನಿನ್ನೆಯೇ ಫೋನ್ ಮಾಡಿದ್ದೇನೆ. ಈ ಪತ್ರ ಸೇರುವ ಮೊದಲೇ ಅವನು ಕಾರು ತಂದಿರುತ್ತಾನೆ, ಹಠ ಮಾಡದೆ ಹೋಗಿಬನ್ನಿ. ನಾನೇ ನಿಮಗೆ ಫೋನ್ ಮಾಡಿದರೆ ‘ಚೆನ್ನಾಗಿದ್ದೇನೆ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೇ ಇಷ್ಟು ಬರೆದೆ. ಖರ್ಚಿಗೆ ಅಮ್ಮನ ಖಾತೆಗೆ ಹಣ ಹಾಕಿದ್ದೇನೆ. ನಮಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಚಳಿಗೆ ಬಟ್ಟೆ ಇದೆ, ಊಟ ಸರಿಯಾಗಿದೆ, ನಮ್ಮ ಬಗ್ಗೆ ಯೋಚಿಸಲೇಬೇಡಿ. ಇಸಿಜಿಯ ಮತ್ತು ರಕ್ತಪರೀಕ್ಷೆಯ ಚೀಟಿಯ ಫೋಟೋ ತೆಗೆದು ಕಳಿಸಲು ಚಂದ್ರಣ್ಣನಿಗೆ ಹೇಳಿ. ಬೆಂಗಳೂರಿಗೆ ಹೊರಟ ಸಹೋದ್ಯೋಗಿಯ ಕೈಯಲ್ಲಿ ಇದನ್ನು ಕೊಡಬೇಕು, ಟ್ರಾಮಿಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುದ್ದು.

ನಿಮ್ಮ ಮಗಳು
ವಸುಧಾ