ಟೆಂಡರ್ ಹಾಕೋದನ್ನ ಸಣ್ಣವರಿಗೂ ಹೇಳಿಕೊಡಿ

ಮಾನ್ಯರೇ,

ಸರ್ಕಾರಿ ಟೆಂಡರ್ ಈಗ ಆನ್‌ಲೈನ್ ಆಗಿದ್ರೂ ನಮ್ಮಂಥ ಸಣ್ಣ ಸಪ್ಲೈಯರ್‌ಗಳಿಗೆ ಅದರ ರೀತಿನೀತಿನೇ ಅರ್ಥ ಆಗ್ತಿಲ್ಲ. ನಾನು ಸ್ಟೇಷನರಿ ವ್ಯಾಪಾರಿ. ಹೋದ ವರ್ಷ ಒಂದು ಕಚೇರಿಯ ಟೆಂಡರ್‌ಗೆ ಡಿಜಿಟಲ್ ಸಹಿ ಮಾಡಿಸಿ, ಇಎಂಡಿ ಅನ್ನೋ ಮುಂಗಡ ಠೇವಣಿ ಕಟ್ಟಿ, ರಾತ್ರಿಯೆಲ್ಲಾ ಕೂತು ಒಂದೊಂದೇ ದಾಖಲೆ ಅಪ್‌ಲೋಡ್ ಮಾಡಿದೆ, ಕೊನೆಗೆ ಸಿಎ ಕೊಟ್ಟ ಟರ್ನೋವರ್ ಸರ್ಟಿಫಿಕೇಟ್ ಸ್ಕ್ಯಾನ್‌ನಲ್ಲಿ ಮಸುಕಾಗಿದೆ ಅಂತ ದಾಖಲೆ, ಅರ್ಹತೆ ನೋಡೋ ಮೊದಲ ಹಂತವಾದ ತಾಂತ್ರಿಕ ಬಿಡ್‌ನಲ್ಲೇ ತಿರಸ್ಕಾರ ಆಯ್ತು, ಎರಡನೇ ಕವರ್‌ನಲ್ಲಿದ್ದ ನನ್ನ ರೇಟು ತೆರೆಯಲೇ ಇಲ್ಲ. ತುಂಬಾ ಬೇಜಾರಾಯ್ತು.

ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಅನ್ನೋ ಕರ್ನಾಟಕದ 1999ರ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಟೆಂಡರ್ ಅಂಗೀಕಾರದ ಆದೇಶದಿಂದ ಅನ್ಯಾಯ ಆದವರು ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಇದು ನನಗೆ ಗೊತ್ತಾಗಿದ್ದು ಆ ಗಡುವು ಮುಗಿದ ಮೇಲೆ! ಟೆಂಡರ್ ದಾಖಲೆ ನೋಡಿದ್ರೆ ಪೂರಾ ಇಂಗ್ಲಿಷು, ಯಾವ ಪುಟದಲ್ಲಿ ಯಾವ ಷರತ್ತಿದೆ ಅಂತ ಹುಡುಕೋದೇ ಒಂದು ದೊಡ್ಡ ಕೆಲಸ. ಹಿಂಗಾದ್ರೆ ಅನುಭವ ಇರೋ ನಾಲ್ಕು ಜನರೇ ಪ್ರತಿಸಲ ಬಿಡ್ ಹಾಕ್ತಾರೆ, ಪೈಪೋಟಿ ಕಮ್ಮಿಯಾದ್ರೆ ಸರ್ಕಾರಕ್ಕೂ ನಷ್ಟವೇ ತಾನೇ.

ಪ್ರತಿ ಟೆಂಡರ್ ಜೊತೆ ಬೇಕಾದ ದಾಖಲೆಗಳ ಪಟ್ಟಿ, ಮೇಲ್ಮನವಿ ಯಾರಿಗೆ ಹಾಕಬೇಕು ಅನ್ನೋದು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಕೊಡಲಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ರಾಜ್ಯ ಸರ್ಕಾರದ ಟೆಂಡರ್ ವೆಬ್‌ಸೈಟ್ ಆದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬಿಡ್ ಹಾಕೋದನ್ನ ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸಲಿ.

– ಒಬ್ಬ ಸಣ್ಣ ವ್ಯಾಪಾರಿ, ತುಮಕೂರು